ಉಗ್ರಾಣಕ್ಕೆ ಹೊರಟ ಪುಸ್ತಕಗಳು

ಪುಸ್ತಕವನ್ನು ಬರೆಯುವುದು ಒಂದು ಕಷ್ಟ. ಬರೆದುದನ್ನು ಅಚ್ಚು ಹಾಕಿಸುವುದು ಇನ್ನೊಂದು ಕಷ್ಟ. ಅಚ್ಚಾದುದನ್ನು ಓದುಗನ ಮನೆ ಮುಟ್ಟಿಸುವುದು ಇವೆರಡನ್ನೂ ಮೀರಿಸಿದ ಕಷ್ಟ. ಮೊದಲನೆಯದನ್ನು ಕುರಿತು ನಮ್ಮಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ. ಎರಡನೆಯದರ ಮಾತು, ಮುದ್ರಕರಿಗೆ ಕೃತಜ್ಞತೆ ಹೇಳುವ ನೆಪದಲ್ಲಿ, ಮುನ್ನುಡಿಯ ಕಡೆಯ ಸಾಲುಗಳಲ್ಲಿ ಬರುವುದುಂಟು. ಮೂರನೆಯದನ್ನು ಸಾಹಿತ್ಯಚರಿತ್ರೆಕಾರರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಆದರೂ ಎರಡು ಚಿತ್ರಗಳು ಕನ್ನಡಿಗರ ನೆನಪಿನಿಂದ ಮಾಸಿಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಒಂದು. ಗಳಗನಾಥರು (1869–1942) ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತುಕೊಂಡು ಊರೂರು ಅಲೆದು ಮಾರಿದರೆಂಬುದು ಇನ್ನೊಂದು. ಒಂದು ದಾನದ ದಾರಿ, ಇನ್ನೊಂದು ದುಡಿಮೆಯ ದಾರಿ. ಈಗ ಮೂರನೆಯ ದಾರಿಯೊಂದು ತೆರೆದಿದೆ. ಅದನ್ನು ಉಗ್ರಾಣದ ದಾರಿ ಎನ್ನಬಹುದು.

ಬಲ್ಲವರು ಬಲ್ಲರು, ಅರಿಯದವರಿಗಾಗಿ ಎರಡು ಮಾತು. ಇಂಟರ್‌ನೆಟ್ಟಿನ ಸಂತೆಯಲ್ಲಿ ಸರಕು ಮಾರುವವನು ಪ್ರತಿಯೊಂದು ಬೇಡಿಕೆ ಬಂದಾಗಲೂ ತಾನೇ ಕಟ್ಟು ಕಟ್ಟಿ ಅಂಚೆಗೆ ಹಾಕಬಹುದು. ಅದು ಹಳೆಯ ಕ್ರಮ. ಹೊಸ ಕ್ರಮದಲ್ಲಿ ಆತ ತನ್ನ ಸರಕನ್ನು ಮುಂಚಿತವಾಗಿಯೇ ಸಂತೆಯವರ ಉಗ್ರಾಣಕ್ಕೆ ಕಳುಹಿಸಿಬಿಡುತ್ತಾನೆ. ಬೇಡಿಕೆ ಬಂದೊಡನೆ ಅಲ್ಲಿನ ಕೆಲಸಗಾರರೇ ಅದನ್ನು ಹುಡುಕಿ ತೆಗೆದು, ಕಟ್ಟಿ, ಕೊಂಡವನಿಗೆ ರವಾನಿಸುತ್ತಾರೆ. ಅಮೆಜಾನ್ ಸಂಸ್ಥೆ ಅಮೆರಿಕದಲ್ಲಿ ಈ ಸೇವೆಯನ್ನು 2006ರಲ್ಲಿ ಆರಂಭಿಸಿತು. ನಮ್ಮ ದೇಶದಲ್ಲಿ ಅದರ ಸಂತೆ ತೆರೆದದ್ದು 2013ರ ಜೂನ್ ತಿಂಗಳಲ್ಲಿ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ 2007ರದು. ಇವೆಲ್ಲ ಮೊದಲು ಮಾರಿದ ಸರಕು ಪುಸ್ತಕವೇ ಎಂಬುದು ಗಮನಿಸತಕ್ಕ ಸಂಗತಿ. ಪುಸ್ತಕ ಒಡೆಯುವುದಿಲ್ಲ, ಹಳಸುವುದಿಲ್ಲ, ಅಳತೆ ಸರಿಹೋಗಲಿಲ್ಲವೆಂದು ಹಿಂದಕ್ಕೆ ಬರುವುದಿಲ್ಲ. ಮಿಗಿಲಾಗಿ ಅದಕ್ಕೆ ಆ ಮೊದಲೇ ಒಂದು ಸಂಖ್ಯೆ ಇದೆ. ಪುಸ್ತಕದ ಬೆನ್ನೇರಿ ಬೆಳೆದ ಸಂತೆಗಳಲ್ಲಿ ಇಂದು ಪುಸ್ತಕಕ್ಕೆ ಸಿಕ್ಕಿರುವುದು ಒಂದು ಮೂಲೆ. ಆ ಮಾತು ಒತ್ತಟ್ಟಿಗಿರಲಿ.

ಧಾರವಾಡದಲ್ಲಿ ನನ್ನ ಮಿತ್ರರೊಬ್ಬರಿದ್ದಾರೆ, ಸಣ್ಣ ಪ್ರಕಾಶಕರು. ತಂದೆಯ ಕಾಲದಿಂದ ಬಂದ ಕಸುಬು. ಪುಸ್ತಕಗಳನ್ನು ತುಂಬಿಟ್ಟಿದ್ದ ಬಾಡಿಗೆಯ ಕೋಣೆಯನ್ನು ಅವರು ಕಳೆದ ಮಳೆಗಾಲಕ್ಕೆ ಮುಂಚೆ ತೆರವು ಮಾಡಬೇಕಾಗಿ ಬಂದಿತು. ಮನೆಯ ಮಾಲೀಕರು ಕಟ್ಟಡವನ್ನು ಕೆಡವಿಸುವವರಿದ್ದರು. ಮಿತ್ರರ ಮುಂದೆ ಇದ್ದ ದಾರಿಗಳು ಎರಡೇ: ಮಾರಾಟವಾಗಬಹುದಾದ ಪುಸ್ತಕಗಳನ್ನು ಬೆಂಗಳೂರಿನ ಹೊರವಲಯದ ಉಗ್ರಾಣಕ್ಕೆ ಕಳುಹಿಸುವುದು, ಉಳಿದುದನ್ನು ತೂಕದ ಲೆಕ್ಕದಲ್ಲಿ ರದ್ದಿಗೆ ಹಾಕುವುದು. ಯಾವುದು ಎತ್ತ ಹೋಗಬೇಕೆಂಬುದನ್ನು ವಿಂಗಡಿಸಲು ಕನ್ನಡ ಮೇಷ್ಟರೊಬ್ಬರು ಜೊತೆಗಿದ್ದರೆ ಒಳ್ಳೆಯದೆಂದು ಅವರಿಗೆ ತೋರಿರಬೇಕು. ಬೇಸಗೆಯ ರಜೆಯಲ್ಲಿ ಹದಿನೈದು ದಿನ ನಾನು ಆ ಕೋಣೆಯಲ್ಲಿ ಕುಳಿತೆ. ಸಂತೆ ಯಾವುದೆಂಬ ಹೆಸರು ಇಲ್ಲಿ ಬೇಡ. ನಿಯಮಗಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಮೊದಲ ಕೆಲಸ ಪರೀಕ್ಷೆ. ಹೊಸದೆಂದು ಮಾರುವ ಪುಸ್ತಕ ಹೊಸದಾಗಿಯೇ ಇರಬೇಕು. ಅಂಚು ಕಂದಿರಬಾರದು, ಮೂಲೆ ಮಡಿಚಿರಬಾರದು, ಪುಟಗಳಲ್ಲಿ ಬೆಳ್ಳಿಹುಳು ತನ್ನ ನಕಾಸೆ ಬಿಟ್ಟಿರಬಾರದು. ಒಂದು ಕಾಲದಲ್ಲಿ ನಮ್ಮ ತೆಳು ಪುಸ್ತಕಗಳನ್ನು ದಾರದಿಂದ ಹೊಲಿಯದೆ ತಂತಿಯ ಪಿನ್ನು ಬಡಿದು ಕಟ್ಟುತ್ತಿದ್ದರು. ಐವತ್ತು ಮಳೆಗಾಲ ಕಂಡ ಆ ಪಿನ್ನುಗಳು ತುಕ್ಕು ಹಿಡಿದು, ನಡುಪುಟಗಳಲ್ಲಿ ಕೆಂಪು ಕಲೆ ಬಿಟ್ಟಿರುತ್ತವೆ. ಕವಿಯ ಪ್ರತಿಭೆಗೂ ಪಿನ್ನಿನ ತುಕ್ಕಿಗೂ ಸಂಬಂಧವಿಲ್ಲ. ಆದರೆ ಉಗ್ರಾಣದ ಬಾಗಿಲಲ್ಲಿ ನಡೆಯುವ ವಿಮರ್ಶೆ ಇದೊಂದೇ.

ಎರಡನೆಯದು ಸಂಖ್ಯೆ. ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಪುಸ್ತಕದ ಬೆನ್ನಟ್ಟೆಯ ಮೇಲೆ ನಾವು ಕಾಣುವ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಗ್ರಂಥಪಾಲಕರ ಅಥವಾ ವಿದ್ವಾಂಸರ ಕಲ್ಪನೆಯೆಂದು ನಾನು ಬಹುಕಾಲದಿಂದ ಕೇಳುತ್ತ ಬಂದಿದ್ದೆ. ಅದು ಹುಟ್ಟಿದ್ದು ಉಗ್ರಾಣಕ್ಕಾಗಿ. ಇಂಗ್ಲೆಂಡಿನ ಪುಸ್ತಕ ವ್ಯಾಪಾರಿಗಳಾದ ಡಬ್ಲ್ಯು. ಎಚ್. ಸ್ಮಿತ್ ಸಂಸ್ಥೆಯವರು 1960ರ ದಶಕದ ನಡುವಿನಲ್ಲಿ ತಮ್ಮ ದಾಸ್ತಾನನ್ನು ಕಂಪ್ಯೂಟರಿನಿಂದ ನಡೆಯುವ ಉಗ್ರಾಣಕ್ಕೆ ಸಾಗಿಸಬೇಕೆಂದು ಹವಣಿಸಿದಾಗ, ಪ್ರತಿಯೊಂದು ಪುಸ್ತಕಕ್ಕೂ ಒಂದು ಸಂಖ್ಯೆ ಬೇಕಾಯಿತು. ಗೋರ್ಡನ್ ಫಾಸ್ಟರ್ ಅವರು ಒಂಬತ್ತು ಅಂಕಗಳ ಪದ್ಧತಿಯನ್ನು ರೂಪಿಸಿಕೊಟ್ಟರು. 1967ರಲ್ಲಿ ಅದು ಬಳಕೆಗೆ ಬಂದಿತು. 1970ರಲ್ಲಿ ಹತ್ತು ಅಂಕಗಳ ಅಂತರರಾಷ್ಟ್ರೀಯ ಸಂಖ್ಯೆಯಾಯಿತು. 2007ರ ಜನವರಿಯಿಂದ ಹದಿಮೂರು ಅಂಕಗಳಿಗೆ ಬೆಳೆಯಿತು.

ಈ ಹದಿಮೂರರಲ್ಲಿ ಕಡೆಯ ಅಂಕ ಕಾವಲುಗಾರ. ಮೊದಲ ಹನ್ನೆರಡು ಅಂಕಗಳನ್ನು ಸರದಿಯಾಗಿ ಒಂದರಿಂದ, ಮೂರರಿಂದ, ಮತ್ತೆ ಒಂದರಿಂದ, ಮೂರರಿಂದ ಗುಣಿಸಿ ಕೂಡಿಸಬೇಕು. ಬಂದ ಮೊತ್ತ ಮುಂದಿನ ಹತ್ತರ ಗುಣಕವನ್ನು ಮುಟ್ಟಲು ಎಷ್ಟು ಬೇಕೋ ಅದೇ ಹದಿಮೂರನೆಯ ಅಂಕ. ಬರೆಯುವವನು ಒಂದು ಅಂಕ ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಇದನ್ನು ನೋಡಿದ ಮೇಷ್ಟರಿಗೆ ಲಘು ಗುರು, ಲಘು ಗುರು ಎಂದು ಪ್ರಸ್ತಾರ ಹಾಕಿದಂತೆ ತೋರಿದರೆ ಆಶ್ಚರ್ಯವಿಲ್ಲ. ಇಲ್ಲಿ ಗುರುವಿಗೆ ಎರಡರ ಬದಲು ಮೂರು ಮಾತ್ರೆ, ಅಷ್ಟೇ. ಛಂದೋಭಂಗವಾದ ಪದ್ಯವನ್ನು ನಮ್ಮ ಸಂಪಾದಕರು ಗುರುತಿಸುವಂತೆಯೇ ಈ ಯಂತ್ರವೂ ತಪ್ಪು ಸಂಖ್ಯೆಯನ್ನು ಗುರುತಿಸುತ್ತದೆ.

ಇನ್ನೊಂದು ಸ್ವಾರಸ್ಯ. ಅಂಗಡಿಯ ಸರಕಿನ ಗೆರೆಸಂಕೇತದಲ್ಲಿ ಮೊದಲ ಮೂರು ಅಂಕಗಳು ಆ ಸಂಖ್ಯೆಯನ್ನು ಕೊಟ್ಟದ್ದು ಯಾವ ದೇಶದ ಸಂಸ್ಥೆಯೆಂಬುದನ್ನು ಹೇಳುತ್ತವೆ, ಭಾರತಕ್ಕೆ 890. ಆದರೆ ಪುಸ್ತಕಕ್ಕೆ ಯಾವ ದೇಶದಲ್ಲಿ ಅಚ್ಚಾದರೂ 978, ಅದು ಮುಗಿದ ಕಡೆ 979. ಪುಸ್ತಕದ ಸಂಖ್ಯೆಯನ್ನು ಅಂಗಡಿಯ ಸಂಖ್ಯೆಯೊಂದಿಗೆ ಹೊಂದಿಸುವುದಕ್ಕಾಗಿ, ಭೂಪಟದಲ್ಲಿ ಇಲ್ಲದ ಒಂದು ದೇಶವನ್ನೇ ಕಲ್ಪಿಸಿ, ಅದನ್ನು ‘ಬುಕ್‌ಲ್ಯಾಂಡ್’ ಎಂದು ಕರೆದರು. ಲೆಕ್ಕದ ಜನ ಒಮ್ಮೊಮ್ಮೆ ಕವಿಗಳನ್ನು ನಾಚಿಸುತ್ತಾರೆ.

ಉಗ್ರಾಣಕ್ಕೆ ಕಳುಹಿಸುವ ಸಿದ್ಧತೆಯಲ್ಲಿ ಈ ಪುಸ್ತಕನಾಡಿನ ಗುರುತಿನ ಮೇಲೆಯೇ ನಾವು ಬಿಳಿಯ ಚೀಟಿಯನ್ನು ಅಂಟಿಸಿ ಮುಚ್ಚಬೇಕಾಗಿತ್ತು. ಒಂದೇ ಪುಸ್ತಕವನ್ನು ಹಲವು ವ್ಯಾಪಾರಿಗಳು ಮಾರುವುದರಿಂದ, ಇದು ಇಂಥವರ ಪ್ರತಿ ಎಂದು ತಿಳಿಯಲು ಸಂತೆಯವರು ತಮ್ಮದೇ ಸಂಕೇತವೊಂದನ್ನು ಕೊಡುತ್ತಾರೆ. ಹಳೆಯ ಗೆರೆಗಳು ಚೀಟಿಯ ಅಂಚಿನಿಂದ ಇಣುಕಬಾರದು. ಇಣುಕಿದರೆ ಯಂತ್ರ ಯಾವುದನ್ನು ಓದಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತದೆ. ಚೀಟಿ ಪುಸ್ತಕದ ಬೆನ್ನಿನ ಬಾಗಿನ ಮೇಲೆ ಬರಬಾರದು, ಸುಕ್ಕಾಗಬಾರದು, ಮಸಿ ಹರಡಿರಬಾರದು. ಮಿತ್ರರ ಮಗಳು ದಿನಕ್ಕೆ ನೂರಿನ್ನೂರು ಚೀಟಿಗಳನ್ನು ಅಂಟಿಸುತ್ತಿದ್ದಳು. ಅವಳ ಕೈ ನೇರ, ನನ್ನದು ಸೊಟ್ಟ. ಆದುದರಿಂದ ನನಗೆ ಹೆಸರು ಬರೆಯುವ ಕೆಲಸ ಬಂದಿತು.

ಹೆಸರು ಎಂದರೆ ಪಟ್ಟಿಯಲ್ಲಿ ಕೊಡಬೇಕಾದ ಪುಸ್ತಕದ ಹೆಸರು. ಅದನ್ನು ರೋಮನ್ ಲಿಪಿಯಲ್ಲಿಯೂ ಕೊಡಬೇಕು. ನಮ್ಮ ಭಾಷೆಯ ಅಕ್ಷರಗಳ ಬೆಲೆ ತಿಳಿಯುವುದು ಆಗಲೇ. ರೋಮನ್ನಿನಲ್ಲಿ ‘ಳ’ ಮತ್ತು ‘ಲ’ಗಳಿಗೆ ಒಂದೇ ಅಕ್ಷರ, ಹಳ್ಳಿಯೂ ಹಲ್ಲಿಯೂ ಒಂದೇ, ಕಳೆಯೂ ಕಲೆಯೂ ಒಂದೇ. ಹ್ರಸ್ವ ದೀರ್ಘಗಳನ್ನು ಒಬ್ಬ ಒಂದು ರೀತಿ ಬರೆದರೆ ಇನ್ನೊಬ್ಬ ಇನ್ನೊಂದು ರೀತಿ ಬರೆಯುತ್ತಾನೆ. ಓದುಗ ಹುಡುಕುವಾಗ ಯಾವ ಅಕ್ಷರ ಬಳಸುವನೋ ಅದನ್ನು ಮೊದಲೇ ಊಹಿಸಿ ಬರೆಯದಿದ್ದರೆ, ಪುಸ್ತಕ ಉಗ್ರಾಣದಲ್ಲಿದ್ದೂ ಇಲ್ಲದಂತೆಯೇ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ 2020ರಲ್ಲಿ ತಮ್ಮ ಅಂಗಡಿಯ ಮುಖವನ್ನು ಕನ್ನಡದಲ್ಲಿಯೂ ತೋರಿಸಲು ತೊಡಗಿದವು. ಅದು ಸಂತೋಷದ ವಿಷಯ. ಆದರೆ ಪ್ರಕಾಶಕನು ಕನ್ನಡದ ಹೆಸರನ್ನು ಸರಿಯಾಗಿ ಕೊಡದೆ ಹೋದರೆ ಮುಖ ಕನ್ನಡವಾಗಿ ಏನು ಫಲ? ಪ್ರತಿ ಪುಸ್ತಕಕ್ಕೂ ಶುದ್ಧ ಕನ್ನಡದಲ್ಲಿ ಒಂದು ಹೆಸರು, ರೋಮನ್ನಿನಲ್ಲಿ ಓದುಗ ಬಳಸಬಹುದಾದ ಎರಡು ಮೂರು ರೂಪಗಳು, ಹೀಗೆ ನಾನು ಬರೆದೆ. ಮೂವತ್ತು ವರ್ಷಗಳ ಹಿಂದೆ ಕಲಿತ ಧ್ವನಿಶಾಸ್ತ್ರ ಇಷ್ಟು ನೇರವಾಗಿ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಚೀಟಿಯಾದ ಮೇಲೆ ಕೆಲವು ಪುಸ್ತಕಗಳಿಗೆ ಪ್ಲಾಸ್ಟಿಕ್ ಚೀಲ. ಚೀಲದ ಬಾಯಿ ಅಗಲವಾಗಿದ್ದರೆ, ಎಳೆಯ ಮಕ್ಕಳ ಕೈಗೆ ಸಿಕ್ಕದಂತೆ ಇಡಿರಿ, ಉಸಿರು ಕಟ್ಟೀತು ಎಂಬ ಎಚ್ಚರಿಕೆ ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರಬೇಕು. ನಾವು ಅಂಥ ಚೀಲದೊಳಗೆ ಇಳಿಸಿದ ಮೊದಲ ಪುಸ್ತಕ ಶಿಶುಗೀತೆಗಳ ಸಂಕಲನ.

ಆಮೇಲೆ ಪೆಟ್ಟಿಗೆ. ಐದು ಪದರದ ರಟ್ಟು. ಆರೂ ಮುಖ ಸಮವಾಗಿರಬೇಕು, ಹೊಟ್ಟೆ ಉಬ್ಬಿರಬಾರದು. ಇನ್ನೂರು ಪುಟದ ಡೆಮಿ ಅಷ್ಟಪತ್ರದ ಪುಸ್ತಕವೊಂದು ಸುಮಾರು ಕಾಲು ಕಿಲೋ ತೂಗುತ್ತದೆ. ಅರವತ್ತು ಪುಸ್ತಕ ತುಂಬಿದರೆ ಹದಿನೈದು ಕಿಲೋ. ಒಬ್ಬ ಆಳು ಸೊಂಟ ನೋಯದೆ ಎತ್ತಬಹುದಾದ ಭಾರ. ಮೂಲೆಗಳ ಸಂದುಗಳಿಗೆ ಹರಿದ ಕಾಗದದ ಚೂರು ತುಂಬಬಾರದು, ಇಡಿಯ ಹಾಳೆಯನ್ನು ಉಂಡೆ ಮಾಡಿ ತುರುಕಬೇಕು. ಏಕೆಂದರೆ ಅಲ್ಲಿ ಪೆಟ್ಟಿಗೆ ಬಿಚ್ಚುವವನು ಚೂರುಗಳ ನಡುವೆ ಸರಕು ಹುಡುಕುತ್ತ ಕೂರಲಾರ. ಪೆಟ್ಟಿಗೆಗೂ ಒಂದು ಸಂಕೇತದ ಚೀಟಿ; ಅದು ಮುಚ್ಚಳದ ಸಂದಿನ ಮೇಲೆ ಬರಬಾರದು, ಬಂದರೆ ಬಿಚ್ಚುವಾಗ ಕತ್ತರಿಸಿಹೋಗುತ್ತದೆ. ಯಾವ ಪೆಟ್ಟಿಗೆಯಲ್ಲಿ ಯಾವ ಪುಸ್ತಕ ಎಷ್ಟಿದೆಯೆಂದು ಮೊದಲೇ ತಿಳಿಸಿರಬೇಕು. ಒಂದು ಪ್ರತಿ ಹೆಚ್ಚು ಕಡಿಮೆಯಾದರೆ ತಕರಾರು. ಈ ಹಿಂದೆ ಕಳುಹಿಸಿದ ಒಂದು ಪೆಟ್ಟಿಗೆಯಲ್ಲಿ ಮೂರು ಪ್ರತಿ ಕೊರತೆಯೆಂದು ಬರೆದುಕೊಂಡರೆಂದೂ, ಆ ಮೂರಕ್ಕಾಗಿ ನಡೆದ ಪತ್ರವ್ಯವಹಾರ ಮೂವತ್ತು ಪ್ರತಿಯ ಲಾಭವನ್ನು ನುಂಗಿತೆಂದೂ ಮಿತ್ರರು ಹೇಳಿದರು.

ಉಗ್ರಾಣದೊಳಗಿನ ವ್ಯವಸ್ಥೆ ಗ್ರಂಥಾಲಯಕ್ಕೆ ನೇರ ವಿರುದ್ಧವಾದುದು. ಅಲ್ಲಿ ಪುಸ್ತಕಗಳೆಲ್ಲ ಒಂದೆಡೆ, ಪಾತ್ರೆಗಳೆಲ್ಲ ಇನ್ನೊಂದೆಡೆ ಎಂಬ ವಿಂಗಡಣೆಯಿಲ್ಲ. ಯಾವ ಗೂಡು ಖಾಲಿಯೋ ಅಲ್ಲಿ ಇಡುವುದು; ಇಟ್ಟ ಗೂಡಿನ ಸಂಖ್ಯೆಯನ್ನೂ ಸರಕಿನ ಸಂಖ್ಯೆಯನ್ನೂ ಯಂತ್ರಕ್ಕೆ ತೋರಿಸುವುದು. ಒಂದೇ ರೀತಿ ಕಾಣುವ ಎರಡು ಸರಕುಗಳನ್ನು ಬೇಕೆಂದೇ ದೂರ ಇಡುತ್ತಾರೆ, ತೆಗೆಯುವವನ ಕೈ ತಪ್ಪದಿರಲೆಂದು. ಒಂದು ಸಂಪುಟದ ಎರಡು ಭಾಗಗಳು ಅಕ್ಕಪಕ್ಕ ಇರಲಾರವು; ಕುಕ್ಕರು, ಕಾಲುಚೀಲ, ಕಾದಂಬರಿ ಒಂದೇ ಗೂಡಿನ ನೆರೆಹೊರೆ. ಕಪಾಟಿನಲ್ಲಿ ಒಂದನ್ನು ಹುಡುಕುತ್ತ ಪಕ್ಕದಲ್ಲಿ ಇನ್ನೊಂದನ್ನು ಕಂಡು ಓದಲು ಕುಳಿತ ಅನುಭವದಿಂದಲೇ ನಮ್ಮಲ್ಲಿ ಅನೇಕರು ಓದುಗರಾದವರು. ಆ ಸುಖ ಅಲ್ಲಿ ಯಾರಿಗೂ ದೊರೆಯುವಂಥದಲ್ಲ.

ಪುಸ್ತಕ ಉಗ್ರಾಣ ಸೇರಿತೆಂದರೆ ಸಂತೆಯವರದಾಯಿತೆಂದು ತಿಳಿಯಬಾರದು. ವಿದೇಶೀ ಬಂಡವಾಳವುಳ್ಳ ಸಂತೆ ತಾನೇ ಸರಕಿನ ಒಡೆಯನಾಗಕೂಡದೆಂದು ಕೇಂದ್ರ ಸರ್ಕಾರದ ನಿಯಮ. 2019ರ ಫೆಬ್ರವರಿಯಿಂದ ಅದನ್ನು ಇನ್ನಷ್ಟು ಬಿಗಿ ಮಾಡಿದ್ದಾರೆ. ಉಗ್ರಾಣ ಅವರದು, ಪುಸ್ತಕ ನಮ್ಮದು. ಮಾರುವವರೆಗಿನ ಚಿಂತೆಯೂ ನಮ್ಮದೇ. ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲವೆಂದು ಹೊರಗಿನವರು ಸಂತೋಷಪಡುತ್ತಾರೆ. ಕಾಗದಕ್ಕೆ ಉಂಟು, ಸಂತೆಯವರ ಸೇವೆಗೆ ಉಂಟು. ಪುಸ್ತಕಕ್ಕೆ ತೆರಿಗೆಯಿಲ್ಲದ ಕಾರಣ, ತೆತ್ತುದನ್ನು ಹಿಂದಕ್ಕೆ ಪಡೆಯುವ ದಾರಿ ಪ್ರಕಾಶಕನಿಗಿಲ್ಲ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಒಂದೇ ಪ್ರಶ್ನೆ: ಯಾವ ಪುಸ್ತಕ ಎಷ್ಟು ಪ್ರತಿ? ಪಟ್ಟಿಯ ಕಡೆಯ ಅಂಕಣ ಅದು. ಚೀಟಿ, ಚೀಲ, ಪೆಟ್ಟಿಗೆಗಳ ಕೆಲಸ ಹನ್ನೆರಡು ದಿನ ಹಿಡಿದರೆ, ಆ ಅಂಕಣ ತುಂಬಲು ಮೂರು ದಿನ ಬೇಕಾಯಿತು. ಅದೇ ನಿಜವಾದ ಕಷ್ಟ.

ಉಗ್ರಾಣದಲ್ಲಿ ಜಾಗಕ್ಕೆ ಘನ ಅಡಿಯ ಲೆಕ್ಕದಲ್ಲಿ ತಿಂಗಳ ಬಾಡಿಗೆ. ಬಹುಕಾಲ ಕದಲದ ಸರಕಿಗೆ ಅದರ ಮೇಲೆ ದಂಡ. ಒಂದು ಘನ ಅಡಿಯಲ್ಲಿ ಇನ್ನೂರು ಪುಟದ ಪುಸ್ತಕ ಅರವತ್ತರಷ್ಟು ಹಿಡಿಯುವುದರಿಂದ ಬಾಡಿಗೆ ಅಷ್ಟೇನೂ ಭಾರವಲ್ಲ. ಭಾರವಾಗುವುದು ಮಾರಾಟದ ಹೊತ್ತಿನ ಶುಲ್ಕ. ಎತ್ತಿ ಕೊಡುವ ಕೂಲಿ, ಕಟ್ಟುವ ಕೂಲಿ, ಸಾಗಿಸುವ ಕೂಲಿ ಇವು ಐನೂರು ರೂಪಾಯಿಯ ಪುಸ್ತಕಕ್ಕೂ ಎಂಬತ್ತು ರೂಪಾಯಿಯ ಪುಸ್ತಕಕ್ಕೂ ಹೆಚ್ಚು ಭಿನ್ನವಲ್ಲ. ಓದುಗನಿಗೆ ಹೊರೆಯಾಗಬಾರದೆಂದು ಬೆಲೆಯನ್ನು ತಗ್ಗಿಸಿದ್ದು ನಮ್ಮ ಹಿರಿಯ ಪ್ರಕಾಶಕರ ಹೆಮ್ಮೆ. ಆ ಹೆಮ್ಮೆಯೇ ಇಲ್ಲಿ ಉರುಳಾಯಿತು. ಎಂಬತ್ತು ರೂಪಾಯಿಯ ಪದ್ಯದ ಪುಸ್ತಕ ಮಾರಾಟವಾದಷ್ಟೂ ನಷ್ಟ! ಮೂರು ಕವನಸಂಕಲನಗಳನ್ನು ಸೇರಿಸಿ ಕಟ್ಟಿ, ‘ಇದು ಒಂದು ಕಟ್ಟು, ಬೇರ್ಪಡಿಸಕೂಡದು’ ಎಂಬ ಚೀಟಿ ಹಚ್ಚಿದರೆ ಲೆಕ್ಕ ಕೂಡುತ್ತದೆ. ಬದುಕಿದ್ದಾಗ ಒಬ್ಬರಿಗೊಬ್ಬರು ಮಾತನಾಡದಿದ್ದ ಇಬ್ಬರು ಕವಿಗಳನ್ನು ಹೀಗೆ ನಾವು ಒಂದೇ ಚೀಲದಲ್ಲಿ ಕೂಡಿಸಿದೆವು.

ಹಿಂದಿನ ಮಾರಾಟವನ್ನು ನೋಡಿ, ಇಷ್ಟು ಕಳುಹಿಸಿರೆಂದು ಕಂಪ್ಯೂಟರೇ ಸಲಹೆ ಕೊಡುತ್ತದೆ. ಸ್ಪರ್ಧಾ ಪರೀಕ್ಷೆಗೆ ಓದುವವರ ವ್ಯಾಕರಣದ ಕೈಪಿಡಿಗೆ ಅದು ನೂರಿಪ್ಪತ್ತು ಎಂದಿತು. ಒಳ್ಳೆಯ ಕಾದಂಬರಿಯೊಂದಕ್ಕೆ ಹತ್ತು. ವಿಮರ್ಶೆಗೆ ಎರಡು. ಇದರಲ್ಲಿ ಅನ್ಯಾಯವೇನೂ ಇಲ್ಲ. ಯಂತ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ. ಆದರೆ ಕನ್ನಡ ಪುಸ್ತಕದ ಆಯುಸ್ಸು ಬೇರೆ ರೀತಿಯದು. ನಮ್ಮಲ್ಲಿ ಸಾವಿರ ಪ್ರತಿ ಅಚ್ಚಾದ ಪುಸ್ತಕ ಹತ್ತು ಹದಿನೈದು ವರ್ಷ ಕುಳಿತು, ಒಂದೊಂದಾಗಿ ಹೋಗಿ, ಕಡೆಗೊಂದು ದಿನ ಸಿಕ್ಕದಂತಾಗುವುದುಂಟು. ಕಾಯುವುದೇ ಅದರ ಕಸುಬು. ಸರಕು ಬಂದಷ್ಟೇ ಬೇಗ ಹೋಗಬೇಕೆಂಬುದು ಉಗ್ರಾಣದ ಧರ್ಮ. ಕಾಯುವವನಿಗೆ ದಂಡ ಹಾಕುವ ಮನೆಗೆ ಕಾಯುವುದನ್ನೇ ಬಲ್ಲ ಅತಿಥಿಯನ್ನು ಕಳುಹಿಸುವುದು ಹೇಗೆ?

ಆ ಕೋಣೆಯಲ್ಲಿ 1968ರಲ್ಲಿ ಅಚ್ಚಾದ ಒಂದು ಕವನಸಂಕಲನವಿತ್ತು. ಕವಿ ಹಳ್ಳಿಯ ಶಾಲೆಯ ಶಿಕ್ಷಕರು. ಆ ಒಂದೇ ಪುಸ್ತಕ ಬರೆದು ತೀರಿಕೊಂಡವರು. ಐನೂರು ಪ್ರತಿಯಲ್ಲಿ 112 ಉಳಿದಿದ್ದವು. ಯಾವ ಸಾಹಿತ್ಯಚರಿತ್ರೆಯಲ್ಲೂ ಅವರ ಹೆಸರನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಕೋಣೆಯ ಹೊಸ್ತಿಲ ಮೇಲೆ ಕುಳಿತು ಓದಿದೆ. ಎಲ್ಲವೂ ಚೆನ್ನಾಗಿಲ್ಲ, ಆ ಕಾಲದ ಅನುಕರಣೆ ಬಹಳ. ಆದರೆ ಮಳೆ ಬಾರದ ವರ್ಷ ಮಕ್ಕಳಿಲ್ಲದ ಶಾಲೆಯಲ್ಲಿ ಹಾಜರಿ ಕೂಗುವ ಶಿಕ್ಷಕನನ್ನು ಕುರಿತ ನಾಲ್ಕು ಪದ್ಯಗಳು ಯಾವ ದೊಡ್ಡ ಕವಿಗೂ ಕೀರ್ತಿ ತರತಕ್ಕವು. ರದ್ದಿಯ ತಕ್ಕಡಿಗೆ ಈ ಪುಸ್ತಕ ಹೋಗಕೂಡದೆಂದು ಹೇಳಿದೆ.

ಪರೀಕ್ಷೆಯಲ್ಲಿ 41 ಪ್ರತಿ ಉತ್ತೀರ್ಣವಾದವು. 71ಕ್ಕೆ ತುಕ್ಕು, ಹುಳು. ಅದಕ್ಕೆ ಐ.ಎಸ್.ಬಿ.ಎನ್. ಇಲ್ಲ, ಆ ಕಾಲದಲ್ಲಿ ಹುಟ್ಟಿದ ಕನ್ನಡ ಪುಸ್ತಕಕ್ಕೆ ಅದು ಎಲ್ಲಿಂದ ಬರಬೇಕು? ಸಂಖ್ಯೆಯಿಲ್ಲದೆ ಸೇರಿಸಿಕೊಳ್ಳಿರೆಂದು ವಿನಾಯಿತಿಯ ಅರ್ಜಿ ಹಾಕಿದೆವು, ಒಪ್ಪಿದರು. ಎಷ್ಟು ಪ್ರತಿ ಎಂಬಲ್ಲಿ ಕಂಪ್ಯೂಟರು ಸೊನ್ನೆಯೆಂದಿತು. ಹಿಂದೆ ಮಾರಿದ ಲೆಕ್ಕವಿಲ್ಲದಾಗ ಮುಂದಿನದು ಅದಕ್ಕೆ ತಿಳಿಯದು. ಮಿತ್ರರು ಎರಡು ಎಂದರು. ನಾನು ಹತ್ತು ಎಂದೆ. ಮಾರದೆ ಉಳಿದರೆ ಮರಳಿ ತರಿಸಿಕೊಳ್ಳಲು ಪ್ರತಿಯೊಂದಕ್ಕೂ ಶುಲ್ಕ, ಬೇಡವೆಂದರೆ ಅಲ್ಲಿಯೇ ನಾಶಮಾಡುತ್ತಾರೆ, ಅದಕ್ಕೂ ಶುಲ್ಕ ಎಂದು ಅವರು ಸಮಾಧಾನದಿಂದ ತಿಳಿಸಿದರು. ನಾನು ಪದ್ಯ ಓದಿ ಹೇಳಿದೆ. ಅವರು ಕೇಳಿ, ಕನ್ನಡಕ ಒರೆಸಿಕೊಂಡು, ಮೂರು ಎಂದರು. ಒಂದು ಗಂಟೆಯ ಚರ್ಚೆಯ ಬಳಿಕ ನಾಲ್ಕಕ್ಕೆ ನಿಂತಿತು. ಬೆಲೆಯನ್ನು, ನಷ್ಟವಾಗದಷ್ಟು, ಇನ್ನೂರಕ್ಕೆ ಏರಿಸಿದೆವು. ತರಗತಿಯಲ್ಲಿ ಇಪ್ಪತ್ತು ವರ್ಷ ಕಾವ್ಯಮೌಲ್ಯವನ್ನು ಚರ್ಚಿಸಿದ್ದೇನೆ. ನಾಲ್ಕೋ ಮೂರೋ ಎಂಬಷ್ಟು ನಿಷ್ಠುರವಾಗಿ ಆ ಚರ್ಚೆ ಎಂದೂ ಇಳಿದುಬಂದಿರಲಿಲ್ಲ.

ಹದಿನಾಲ್ಕು ಪೆಟ್ಟಿಗೆಗಳು ಹೊರಟವು. ಲಾರಿ ಇಂಥ ದಿನ ಇಂಥ ಗಂಟೆಗೆ ಉಗ್ರಾಣದ ಬಾಗಿಲಲ್ಲಿರಬೇಕೆಂದು ಮೊದಲೇ ವೇಳೆ ಗೊತ್ತುಮಾಡಿರುತ್ತಾರೆ. ತಪ್ಪಿದರೆ ಮತ್ತೆ ಸರದಿ. ಮಳೆ ಹಿಡಿಯುವ ಮುನ್ನ ತಲುಪಿದವು. ತಕ್ಕಡಿಯವನು ಬಂದು ಉಳಿದುದನ್ನು ಒಯ್ದ. ಆ ಸಂಕಲನದ 37 ಒಳ್ಳೆಯ ಪ್ರತಿಗಳೂ 71 ಕೆಟ್ಟ ಪ್ರತಿಗಳೂ ನನ್ನ ಮನೆಗೆ ಬಂದವು. ಕೆಟ್ಟವುಗಳನ್ನು ಆ ಕವಿ ಪಾಠ ಹೇಳಿದ ತಾಲ್ಲೂಕಿನ ಶಾಲೆಗಳಿಗೆ ಒಂದೊಂದಾಗಿ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ. ತುಕ್ಕಿನ ಕಲೆಯನ್ನು ಶಾಲೆಯವರು ಲೆಕ್ಕಿಸಲಿಲ್ಲ.

ಕೊಂಡವರ ಹೆಸರು ಮಾರುವವನಿಗೆ ತಿಳಿಯುವುದಿಲ್ಲ; ಊರು, ಅಂಚೆಯ ಸೂಚ್ಯಂಕ, ಇಷ್ಟೇ ವರದಿಯಲ್ಲಿ ಕಾಣುತ್ತದೆ. ಎರಡೂವರೆ ತಿಂಗಳಲ್ಲಿ ನಾಲ್ಕರಲ್ಲಿ ಮೂರು ಹೋದವು. ಒಂದು ಬೈಲಹೊಂಗಲಕ್ಕೆ. ಒಂದು ಮುಂಬಯಿಯ ಹತ್ತಿರದ ಡೊಂಬಿವಲಿಗೆ. ಅಲ್ಲಿ ಕನ್ನಡಿಗರು ಬಹಳ, ಆಶ್ಚರ್ಯವಿಲ್ಲ. ಮೂರನೆಯದು ಅಸ್ಸಾಮಿನ ದಿಬ್ರುಗಢಕ್ಕೆ. ಅಲ್ಲಿ ಯಾರು, ಸೈನಿಕನೋ, ಚಹದ ತೋಟದ ಗುಮಾಸ್ತೆಯೋ, ಆ ಶಿಕ್ಷಕರ ಬಳಿ ಅಕ್ಷರ ಕಲಿತವರ ಮಗಳೋ, ಏನೆಂದು ಹುಡುಕಿ, ಯಾವ ಅಕ್ಷರಗಳಲ್ಲಿ ಬರೆದು ಆ ಹೆಸರನ್ನು ಹಿಡಿದರೋ! ಗಳಗನಾಥರ ಕಾಲು ಅಲ್ಲಿಯವರೆಗೆ ಹೋಗುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು.

ಮುಂದಿನ ಸಾಗಣೆಯ ಪಟ್ಟಿಯನ್ನು ಹೋದ ವಾರ ಮಾಡಿದೆವು. ಆ ಪುಸ್ತಕದ ಎದುರಿಗೆ ಕಂಪ್ಯೂಟರು ಈ ಸಲ ಒಂದು ಎಂದಿತು. ಮಿತ್ರರು ನನ್ನ ಮುಖ ನೋಡಿ, ಮಾತನಾಡದೆ ಆರು ಎಂದು ಬರೆದರು.